ಐದು ತಿಂಗಳ ಬಸುರಿ, ಹತ್ತು ಕೆ.ಜಿ. ಚಟ್ನಿಪುಡಿ: ರಾಜೀನಾಮೆಗೆ ಮೊದಲು ಹಾಕಬೇಕಾದ ಲೆಕ್ಕ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 31 ವರ್ಷ. ಮೊದಲ ಹೆರಿಗೆ, ಈಗ ಐದು ತಿಂಗಳು ತುಂಬಿದೆ. ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿ ನಾನು, ನಮ್ಮ ಯಜಮಾನರು ಮತ್ತು ಅತ್ತೆ ಇದ್ದೇವೆ. ಎಲೆಕ್ಟ್ರಾನಿಕ್ ಸಿಟಿಯ ಖಾಸಗಿ ಕಂಪನಿಯೊಂದರಲ್ಲಿ ನಾಲ್ಕು ವರ್ಷ ಏಳು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ; ಸಂಬಳ ₹38,000. ಹೋಗಿ ಬರುವುದಕ್ಕೇ ದಿನಕ್ಕೆ ಮೂರು ಗಂಟೆ ಹಿಡಿಯುತ್ತದೆ, ಸಾಕಾಗಿ ಹೋಗಿದೆ. ದಸರೆಯಲ್ಲಿ ಅತ್ತೆ ಜೊತೆ ಸೇರಿ 10 ಕೆ.ಜಿ. ಚಟ್ನಿಪುಡಿ ಮಾಡಿ, ಕಾಲು ಕೆ.ಜಿ. ಪೊಟ್ಟಣಕ್ಕೆ ₹150ರಂತೆ ಮಾರಿದೆವು. ಮೂರೇ ದಿನದಲ್ಲಿ ಖಾಲಿ. ಸಾಮಾನಿಗೆ ₹3,100 ಖರ್ಚಾಗಿತ್ತು, ₹2,900 ಲಾಭ ಬಂತು. ಈಗ ಕೆಲಸ ಬಿಟ್ಟು ಚಟ್ನಿಪುಡಿ, ಹುಳಿಪುಡಿ, ಅಂಟಿನುಂಡೆ, ಬಾಣಂತಿ ಲೇಹ್ಯ ಮಾಡಿ ಮಾರೋಣ ಎಂದಿದ್ದೇನೆ. ಮುದ್ರಾ ಯೋಜನೆಯಲ್ಲಿ ₹4 ಲಕ್ಷ ಸಾಲ ತೆಗೆದು ಮನೆಯಲ್ಲೇ ಪುಡಿ ಮಾಡುವ ಮಿಷನ್ ಹಾಕೋಣ ಎನ್ನುತ್ತಾರೆ ಯಜಮಾನರು. ಬಸುರಿ ಹೊಸದಾಗಿ ಏನನ್ನೂ ಶುರು ಮಾಡಬಾರದು ಎನ್ನುತ್ತಾರೆ ಅತ್ತೆ. ಜಿಎಸ್‌ಟಿ ಇಲ್ಲದೆ ಮಾರಿದರೆ ನೋಟಿಸ್ ಬರುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಹೆರಿಗೆಗೆ ತವರು ತಿಪಟೂರಿಗೆ ಹೋಗುತ್ತೇನೆ. ಮಗು ಮಲಗಿದ್ದಾಗ ಕೆಲಸ ಮಾಡಿಕೊಂಡರೆ ಆಗುವುದಿಲ್ಲವೇ? ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಬಸುರಿನಲ್ಲಿ ವ್ಯಾಪಾರ ಆರಂಭಿಸಬಹುದೇ ಎಂಬುದು ಒಂದು, ಅದಕ್ಕಾಗಿ ಈಗಲೇ ಕೆಲಸ ಬಿಡಬೇಕೇ ಎಂಬುದು ಇನ್ನೊಂದು. ನೀವು ಕೇಳಿರುವುದು ಮೊದಲನೆಯದನ್ನಾದರೂ ನಿಮ್ಮ ನಿದ್ದೆ ಕೆಡಿಸಿರುವುದು ಎರಡನೆಯದು ಎಂದು ನನಗನ್ನಿಸುತ್ತದೆ. ಆರಂಭಿಸಬಹುದು, ಸಣ್ಣದಾಗಿ, ಬೇಕೆಂದಾಗ ನಿಲ್ಲಿಸಲು ಬರುವ ಹಾಗೆ. ಕೆಲಸ ಮಾತ್ರ ಈಗ ಬಿಡಬೇಡಿ. ಇಪ್ಪತ್ತಮೂರು ವರ್ಷಗಳಿಂದ ಬೆಂಗಳೂರಿನ ಸಣ್ಣ ಉದ್ದಿಮೆಗಳ ಲೆಕ್ಕಪತ್ರ ಮತ್ತು ನೋಂದಣಿಯ ಕೆಲಸ ಮಾಡುತ್ತಿರುವ ನಾನು, ಮನೆಯಿಂದ ನಡೆಸುವ ತಿನಿಸಿನ ವ್ಯಾಪಾರಗಳು ರುಚಿ ಕೆಟ್ಟು ಮುಚ್ಚಿದ್ದನ್ನು ಕಂಡಿರುವುದು ಅಪರೂಪ. ಬೇಡದ ಹೊತ್ತಿನಲ್ಲಿ ಹೊತ್ತುಕೊಂಡ ಖರ್ಚು ಮತ್ತು ಒಪ್ಪಿಕೊಂಡ ಆರ್ಡರ್‌ಗಳ ಭಾರಕ್ಕೆ ಮುಚ್ಚಿದ್ದೇ ಹೆಚ್ಚು.

ಮೊದಲು ರಾಜೀನಾಮೆಯ ಬೆಲೆ ನೋಡೋಣ. 2017ರಲ್ಲಿ ತಿದ್ದುಪಡಿಯಾದ 1961ರ ಹೆರಿಗೆ ಸೌಲಭ್ಯ ಕಾಯ್ದೆಯಂತೆ, ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಗುತ್ತದೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. 2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿಯೂ ಈ 26 ವಾರ ಮತ್ತು 80 ದಿನಗಳ ಲೆಕ್ಕ ಹಾಗೆಯೇ ಇದೆ. ಈ ರಜೆಯಲ್ಲಿ ಹೆಚ್ಚೆಂದರೆ ಎಂಟು ವಾರಗಳನ್ನು ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದು. ನಿಮ್ಮ ಸಂಬಳದ ಲೆಕ್ಕದಲ್ಲಿ 26 ವಾರ ಎಂದರೆ ಸುಮಾರು ₹2,28,000. ನಿಮ್ಮ ಸಂಬಳ ₹21,000ಕ್ಕಿಂತ ಹೆಚ್ಚಿರುವುದರಿಂದ ನೀವು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಗೆ ಬರುವುದಿಲ್ಲ. ಈ ಹಣವನ್ನು ಕಂಪನಿಯೇ ಕೊಡಬೇಕು. ರಜೆಯಲ್ಲಿರುವ ಹೆಂಗಸನ್ನು ಕೆಲಸದಿಂದ ತೆಗೆಯಲು ಕಾನೂನು ಬಿಡುವುದಿಲ್ಲ, ಆದರೆ ತಾನಾಗಿ ರಾಜೀನಾಮೆ ಬರೆದುಕೊಟ್ಟವಳನ್ನು ಅದು ಕಾಪಾಡಲಾರದು.

ಇನ್ನೊಂದನ್ನು ನೀವು ಗಮನಿಸಿಲ್ಲವೆಂದು ಕಾಣುತ್ತದೆ. ನಿಮ್ಮ ಸೇವೆ ನಾಲ್ಕು ವರ್ಷ ಏಳು ತಿಂಗಳು. ಐದು ವರ್ಷ ತುಂಬಿದರೆ ಗ್ರಾಚ್ಯುಯಿಟಿಗೆ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಿಗೆ, ಅರ್ಹರಾಗುತ್ತೀರಿ. 26 ವಾರಗಳ ಹೆರಿಗೆ ರಜೆಯೂ ನಿರಂತರ ಸೇವೆಯಲ್ಲಿಯೇ ಎಣಿಕೆಯಾಗುತ್ತದೆ. ಅಂದರೆ ರಜೆಯಲ್ಲಿದ್ದಾಗಲೇ ನಿಮಗೆ ಐದು ವರ್ಷ ತುಂಬುತ್ತದೆ. ಮೂಲ ವೇತನ ₹19,000 ಎಂದಿಟ್ಟುಕೊಂಡರೆ, ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಐದು ವರ್ಷಕ್ಕೆ ಲೆಕ್ಕ ಹಾಕಿದಾಗ ಸುಮಾರು ₹54,800 ಬರುತ್ತದೆ. ಇವೆರಡೂ ಸೇರಿ ₹2.8 ಲಕ್ಷ ದಾಟಿತು. ನಿಮ್ಮ ಯಜಮಾನರು ಬ್ಯಾಂಕಿನಿಂದ ಬಡ್ಡಿಗೆ ತರಬೇಕೆಂದಿರುವ ಮೊತ್ತದ ಮುಕ್ಕಾಲು ಪಾಲಿಗೆ ಹತ್ತಿರದ ಹಣ ನಿಮ್ಮದೇ ದುಡಿಮೆಯ ಬಾಕಿಯಾಗಿ ಕಂಪನಿಯಲ್ಲಿ ಕೂತಿದೆ.

ಆರೋಗ್ಯ ವಿಮೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟಾಗ ಮುಗಿಯುತ್ತದೆ. ಸ್ವಂತವಾಗಿ ಪಾಲಿಸಿ ಮಾಡಿಸಲು ಹೋದರೆ ಹೆರಿಗೆ ಖರ್ಚಿಗೆ ಕಾಯುವ ಅವಧಿ ಇರುತ್ತದೆ, ಈಗಾಗಲೇ ನಿಂತ ಬಸುರಿನ ಖರ್ಚು ಆ ಪಾಲಿಸಿಯಲ್ಲಿ ಸಿಗುವುದಿಲ್ಲ. ನಿಮ್ಮ ಗುಂಪು ವಿಮೆಯಲ್ಲಿ ಸಿಸೇರಿಯನ್‌ಗೆ ಎಷ್ಟು, ಹುಟ್ಟಿದ ಮಗುವಿಗೆ ಮೊದಲ ದಿನದಿಂದ ರಕ್ಷಣೆ ಇದೆಯೇ ಎಂಬುದನ್ನು ಈ ವಾರವೇ ಕೇಳಿ ತಿಳಿದುಕೊಳ್ಳಿ. ಬೆಂಗಳೂರಿನಲ್ಲಿ ಹೆರಿಗೆ ಮಾಡಿಸುವವರಿಗೆ ಈ ಒಂದು ಕಾಗದದ ಬೆಲೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಿಪಟೂರಿನಲ್ಲಾದರೆ ಅಲ್ಲಿನ ಯಾವ ಆಸ್ಪತ್ರೆ ನಿಮ್ಮ ವಿಮೆಯ ಪಟ್ಟಿಯಲ್ಲಿದೆ ಎಂದೂ ನೋಡಿಕೊಳ್ಳಿ.

ರಜೆ ಮುಗಿಸಿ ಆಮೇಲೆ ಬಿಡುವುದು ಮೋಸವಲ್ಲವೇ ಎಂದು ನನ್ನ ಬಳಿ ಬರುವ ಹಲವು ಹೆಣ್ಣುಮಕ್ಕಳು ಸಂಕೋಚದಿಂದ ಕೇಳುತ್ತಾರೆ. ಅಲ್ಲ. ಈ ಸೌಲಭ್ಯ ನೀವು ಈಗಾಗಲೇ ಮಾಡಿದ ಕೆಲಸಕ್ಕೆ ಸಂದದ್ದು. ರಜೆಯ ನಂತರ ಕೆಲಸದ ಸ್ವರೂಪ ಒಗ್ಗಿದರೆ ಮನೆಯಿಂದಲೇ ಕೆಲಸ ಮಾಡಲು ಕಂಪನಿಯೊಂದಿಗೆ ಮಾತಾಡಿಕೊಳ್ಳುವ ಅವಕಾಶವನ್ನೂ ಕಾಯ್ದೆ ಇಟ್ಟಿದೆ. ಪ್ರಯಾಣದ ಆ ಮೂರು ಗಂಟೆ ಉಳಿದರೆ ನಿಮಗೆ ಕೆಲಸ ಬಿಡುವ ಮನಸ್ಸೇ ಬಾರದಿರಬಹುದು.

ಈಗ ನಿಮ್ಮ ದಸರೆಯ ಲೆಕ್ಕಕ್ಕೆ ಬರುತ್ತೇನೆ. ₹2,900 ಲಾಭ ಎಂದಿದ್ದೀರಿ. ಆ ಪುಡಿಯನ್ನು ಬೀಸಿಸಲು ಮಿಲ್‌ಗೆ ಕೆ.ಜಿ.ಗೆ ₹20 ಕೊಟ್ಟಿರುತ್ತೀರಿ, ಅದು ₹200. ನಲವತ್ತು ಪೊಟ್ಟಣ, ಚೀಟಿ ಸೇರಿ ತಲಾ ₹7ರಂತೆ ₹280. ಕೊಂಡವರಲ್ಲಿ ಹತ್ತು ಹನ್ನೊಂದು ಮನೆಗಳಿಗೆ ನಿಮ್ಮ ಯಜಮಾನರು ಆಟೊದಲ್ಲೋ ಗಾಡಿಯಲ್ಲೋ ಹೋಗಿ ಕೊಟ್ಟು ಬಂದಿದ್ದರೆ ₹540 ಹಿಡಿಯೋಣ. ಗ್ಯಾಸಿಗೆ ₹150. ಇವು ನನ್ನ ಅಂದಾಜು; ನಿಮ್ಮ ನಿಜವಾದ ಅಂಕಿಗಳನ್ನು ಇದೇ ಜಾಗದಲ್ಲಿ ಹಾಕಿ ನೋಡಿ. ಉಳಿಯುವುದು ₹1,730, ಅಂದರೆ ಕೆ.ಜಿ.ಗೆ ₹173. ರುಚಿ ನೋಡಲು ಹಂಚಿದ್ದನ್ನೂ ಹುರಿಯುವಾಗ ಸೀದದ್ದನ್ನೂ ನಾನು ಕಳೆದಿಲ್ಲ.

ಇನ್ನು ಸಮಯ. ತರಗುಪೇಟೆಗೆ ಹೋಗಿ ಬೇಳೆ, ಮೆಣಸಿನಕಾಯಿ ತಂದದ್ದು, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದು, ಕರಿಬೇವನ್ನು ತೊಳೆದು ನೆರಳಿನಲ್ಲಿ ಆರಿಸಿದ್ದು, ಕಡಲೆಬೇಳೆ ಉದ್ದಿನಬೇಳೆಗಳನ್ನು ಬೇರೆ ಬೇರೆಯಾಗಿ ಹುರಿದದ್ದು, ಕೊಬ್ಬರಿ ತುರಿದದ್ದು, ಮಿಲ್‌ನಲ್ಲಿ ಸರದಿ ಕಾದದ್ದು, ತಣಿಸಿ ತೂಗಿ ತುಂಬಿದ್ದು ಎಲ್ಲ ಸೇರಿಸಿದರೆ ನೀವು ಮತ್ತು ಅತ್ತೆ ಇಬ್ಬರದೂ ಕೂಡಿ 22 ಗಂಟೆಗೆ ಕಡಿಮೆ ಇರಲಾರದು. ಗಂಟೆಗೆ ₹78 ಆಯಿತು. ಇದೇ ದರದಲ್ಲಿ ನಿಮ್ಮ ಸಂಬಳವನ್ನು ಚಟ್ನಿಪುಡಿಯಿಂದ ತುಂಬಿಸಬೇಕಾದರೆ ತಿಂಗಳಿಗೆ 220 ಕೆ.ಜಿ., ಅಂದರೆ 880 ಪೊಟ್ಟಣ ಮಾರಬೇಕು. ಕೆಲಸದ ಹೊತ್ತು 480 ಗಂಟೆ ದಾಟುತ್ತದೆ. ತಿಂಗಳಲ್ಲಿ ಇರುವುದೇ 720 ಗಂಟೆ.

ಇದನ್ನು ನಿಮ್ಮ ಉತ್ಸಾಹ ಕುಗ್ಗಿಸಲು ಹೇಳುತ್ತಿಲ್ಲ. ಹತ್ತು ಕೆ.ಜಿ. ಮೂರು ದಿನದಲ್ಲಿ ಹೋಯಿತೆಂದರೆ ಬೆಲೆ ಕಡಿಮೆಯಾಗಿದ್ದಿರಬಹುದು. ಮುಂದಿನ ಸಲ ಅದೇ ಪೊಟ್ಟಣಕ್ಕೆ ₹180 ಹೇಳಿ ನೋಡಿ. ನಲವತ್ತು ಪೊಟ್ಟಣಕ್ಕೆ ₹1,200 ಹೆಚ್ಚು ಬರುತ್ತದೆ, ಖರ್ಚು ಅಷ್ಟೇ ಇರುತ್ತದೆ. ನೆಂಟರು, ಸಹೋದ್ಯೋಗಿಗಳು ಹಬ್ಬದ ಹೊತ್ತಿನಲ್ಲಿ ಕೊಂಡದ್ದನ್ನು ಬೇಡಿಕೆ ಎಂದು ನಾನು ಎಣಿಸುವುದಿಲ್ಲ. ಅವರೇ ಹೇಳದೆ ಕೇಳದೆ ಎರಡನೆಯ ಸಲ ಕೊಂಡರೆ ಅದು ಬೇಡಿಕೆ. ಕಾಂಡಿಮೆಂಟ್ಸ್ ಅಂಗಡಿಗಳಿಗೆ ಹಾಕುವ ಯೋಚನೆ ಇದ್ದರೆ, ಹಲವು ಅಂಗಡಿಯವರು ಮಾರಿದ ಮೇಲೆಯೇ ಹಣ ಕೊಡುತ್ತಾರೆ, ಉಳಿದದ್ದನ್ನು ಹಿಂದಿರುಗಿಸುತ್ತಾರೆ, ತಮ್ಮ ಪಾಲನ್ನು ಮೊದಲೇ ಹಿಡಿದುಕೊಳ್ಳುತ್ತಾರೆ ಎಂಬುದು ಗೊತ್ತಿರಲಿ. ಕೊಬ್ಬರಿ ಹಾಕಿದ ಪುಡಿ ಹಿಂದಿರುಗುವ ಹೊತ್ತಿಗೆ ಕಮಟು ಹಿಡಿದಿದ್ದರೆ ಆ ನಷ್ಟವೂ ನಿಮ್ಮದೇ.

ಅತ್ತೆಯವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಸುರಿನಲ್ಲಿ ಶುರು ಮಾಡಿದ್ದು ಏಳಿಗೆಯಾಗುವುದಿಲ್ಲ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಏಳನೆಯ ತಿಂಗಳಲ್ಲಿ ನೋಂದಣಿ ಮಾಡಿಸಿ ಇವತ್ತಿಗೂ ಚೆನ್ನಾಗಿ ನಡೆಸುತ್ತಿರುವವರ ಲೆಕ್ಕಗಳನ್ನು ನಾನೇ ನೋಡುತ್ತಿದ್ದೇನೆ. ಆದರೆ ಆ ಮಾತಿನ ಹಿಂದೆ ದುಡಿಮೆಯ ಅನುಭವವೊಂದು ಇದೆ. ಬಾಣಲೆಯ ಮುಂದೆ ಒಂದೇ ಸಮನೆ ನಿಲ್ಲುವುದು, ಮೆಣಸಿನಕಾಯಿಯ ಘಾಟು, 25 ಕೆ.ಜಿ.ಯ ಬೇಳೆ ಮೂಟೆ, ಹಬ್ಬದ ಹೊತ್ತಿನ ನಿದ್ದೆಗೇಡು ಇವೆಲ್ಲ ಬಸುರಿಗೆ ಒಳ್ಳೆಯದಲ್ಲ ಎಂದು ಹೇಳಲು ಶಾಸ್ತ್ರ ಬೇಕಾಗಿಲ್ಲ. ಎಷ್ಟು ಹೊತ್ತು ನಿಲ್ಲಬಹುದು, ಏನು ಎತ್ತಬಹುದು ಎಂಬುದನ್ನು ನಿಮ್ಮನ್ನು ನೋಡುತ್ತಿರುವ ವೈದ್ಯರಲ್ಲಿ ಕೇಳಿ. ರಕ್ತದೊತ್ತಡ, ಸಕ್ಕರೆಯ ತೊಂದರೆ ಇದ್ದರಂತೂ ಅವರ ಮಾತೇ ಕೊನೆಯದು. ಹುರಿಯುವ ಕೆಲಸ ಅತ್ತೆಯವರದು ಅಥವಾ ಕೂಲಿಗೆ ಬರುವವರದು, ತೂಕ, ಲೆಕ್ಕ, ಆರ್ಡರು ನಿಮ್ಮದು ಎಂದು ಹಂಚಿಕೊಂಡರೆ ಅತ್ತೆಯವರ ಆಕ್ಷೇಪಣೆಯಲ್ಲಿ ಅರ್ಧ ಕರಗೀತು.

ಮಗು ಮಲಗಿದ್ದಾಗ ಕೆಲಸ ಮಾಡಿಕೊಳ್ಳಬಹುದು ಎಂಬುದೇ ನಿಮ್ಮ ಪತ್ರದಲ್ಲಿ ನಾನು ಒಪ್ಪದ ದೊಡ್ಡ ನಂಬಿಕೆ. ಹುಟ್ಟಿದ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ, ರಾತ್ರಿ ಹಗಲು ಎನ್ನದೆ. ಎರಡು ಗಂಟೆಯ ಬಿಡುವು ಕಾಗದದ ಮೇಲೆ ಇರುತ್ತದೆ. ಅದರೊಳಗೆ ಹಾಲು ಕುಡಿಸುವುದು, ತೇಗಿಸುವುದು, ಬಟ್ಟೆ ಬದಲಾಯಿಸುವುದು, ನಿಮ್ಮ ಊಟ, ಸ್ನಾನ ಎಲ್ಲ ಕಳೆದರೆ ಬಾಣಲೆ ಕಾಯುವಷ್ಟು ಹೊತ್ತು ಸಿಗಬಹುದು. ಕೆಲವು ವರ್ಷಗಳ ಹಿಂದೆ ನಾಗರಬಾವಿಯ ಹೆಣ್ಣುಮಗಳೊಬ್ಬಳು ಎಂಟನೆಯ ತಿಂಗಳಲ್ಲಿ ಒಂದು ಕಚೇರಿಯ ದೀಪಾವಳಿ ಆರ್ಡರ್ ಒಪ್ಪಿಕೊಂಡಳು, 60 ಕೆ.ಜಿ. ಕೋಡುಬಳೆ, ಮುಂಗಡ ಹಣ ಪಡೆದು. ಹೆರಿಗೆ ಹತ್ತು ದಿನ ಮೊದಲೇ ಆಯಿತು. ಗಂಡ ಮತ್ತು ತಾಯಿ ರಾತ್ರಿಯೆಲ್ಲ ಕರಿದು 35 ಕೆ.ಜಿ. ಮುಟ್ಟಿಸಿದರು, ಉಳಿದದ್ದಕ್ಕೆ ಹಣ ಹಿಂದಿರುಗಿಸಿದರು. ಆಸ್ಪತ್ರೆಯ ಮಂಚದ ಮೇಲೆ ಕೂತು ಆಕೆ ನನಗೆ ಫೋನ್ ಮಾಡಿ ಕೇಳಿದ್ದು ಮುಂಗಡದ ರಸೀದಿಯನ್ನು ಹೇಗೆ ತಿದ್ದಬೇಕೆಂದು. ನಾನು ಮೊದಲು ಮಗು ಗಂಡೋ ಹೆಣ್ಣೋ ಎಂದು ಕೇಳಿದೆ, ರಸೀದಿಯ ಮಾತು ಆಮೇಲೆ.

ಹೆರಿಗೆಯಾದ ನಂತರದ ಆರು ವಾರ ಯಾವ ಮಾಲೀಕನೂ ಹೆಂಗಸಿನಿಂದ ಕೆಲಸ ಮಾಡಿಸಬಾರದು ಎಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ಉದ್ದಿಮೆಗೆ ನೀವೇ ಮಾಲೀಕರಾಗುವುದರಿಂದ ಆ ನಿಯಮವನ್ನು ನಿಮ್ಮ ಮೇಲೆ ನೀವೇ ಹಾಕಿಕೊಳ್ಳಬೇಕಾಗುತ್ತದೆ. ನೀವು ಮೂರು ತಿಂಗಳ ಬಾಣಂತನಕ್ಕೆ ತಿಪಟೂರಿಗೆ ಹೋಗುವವರು. ನಿಮ್ಮ ಅಡುಗೆಮನೆ, ಗಿರಾಕಿಗಳು, ಅತ್ತೆಯ ಕೈರುಚಿ ಎಲ್ಲವೂ ವಿಜಯನಗರದಲ್ಲಿ. ಅಷ್ಟು ಕಾಲ ವ್ಯಾಪಾರ ನಿಂತರೆ ಕೈಯಿಂದ ಏನೂ ಹೋಗಬಾರದು. ಸಾಲದ ಕಂತು, ಹೆಚ್ಚುವರಿ ಬಾಡಿಗೆ, ಕೂಡಿಟ್ಟ ಸರಕು, ಪಡೆದ ಮುಂಗಡ ಇವು ನಾಲ್ಕೂ ಇಲ್ಲದಿದ್ದರೆ ನಿಲ್ಲಿಸಲು ಸಾಧ್ಯ.

ಇದೇ ಅಳತೆಯಿಂದ ಮುದ್ರಾ ಸಾಲವನ್ನು ನೋಡಿ. 2015ರಲ್ಲಿ ಬಂದ ಈ ಯೋಜನೆಯಲ್ಲಿ ₹50,000ದವರೆಗಿನದು ಶಿಶು, ಅಲ್ಲಿಂದ ₹5 ಲಕ್ಷದವರೆಗಿನದು ಕಿಶೋರ್. ಅಡಮಾನ ಕೇಳುವುದಿಲ್ಲ ಎಂಬುದು ನಿಜ, ಸಹಾಯಧನ ಇದೆ ಎಂಬುದು ಸುಳ್ಳು. ಇದು ಪೂರ್ತಿ ತೀರಿಸಬೇಕಾದ ಸಾಲ. ₹4 ಲಕ್ಷಕ್ಕೆ ಶೇ 11ರ ಬಡ್ಡಿಯಂತೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು ₹8,700. ಕೆ.ಜಿ.ಗೆ ₹173 ಉಳಿಯುವಾಗ ಕಂತಿಗೆಂದೇ 50 ಕೆ.ಜಿ. ಮಾರಬೇಕು, ನೀವು ತಿಪಟೂರಿನಲ್ಲಿ ಎಣ್ಣೆನೀರು ಹಾಕಿಸಿಕೊಳ್ಳುತ್ತಿರುವ ತಿಂಗಳಲ್ಲೂ. ಇಷ್ಟಕ್ಕೂ ಮಿಷನ್ ಯಾಕೆ ಬೇಕು? ವಿಜಯನಗರದ ಸುತ್ತ ಮಿಲ್‌ಗಳಿಗೆ ಬರವಿಲ್ಲ, ತಿಂಗಳಿಗೆ 30 ಕೆ.ಜಿ. ಬೀಸಿಸಿದರೂ ₹600 ಖರ್ಚು. ಬಾಡಿಗೆ ಮನೆಯಲ್ಲಿ ಖಾರದ ಮಿಷನ್ ಓಡಿಸಿದರೆ ಆ ಘಾಟಿಗೆ ಮೇಲಿನ ಮನೆಯವರು ಮೊದಲ ದಿನವೇ ಕೆಳಗಿಳಿದು ಬರುತ್ತಾರೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಸಹಾಯಧನವಿದೆ, ಆದರೆ ಸಾಮಾನ್ಯ ವರ್ಗದವರಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ ₹1.5 ಲಕ್ಷ, ಪರಿಶಿಷ್ಟ ಜಾತಿ, ಪಂಗಡದವರಿಗೆ ₹2 ಲಕ್ಷ. ನಿಮ್ಮೊಬ್ಬರ ಸಂಬಳವೇ ಅದನ್ನು ಮೀರಿದೆ. ಮಾಡಿಸಿಕೊಡುತ್ತೇನೆ ಎಂದು ಹಣ ಕೇಳುವವರಿಂದ ದೂರವಿರಿ.

ಜಿಎಸ್‌ಟಿಯ ಹೆದರಿಕೆಗೆ ಒಂದು ಹಿನ್ನೆಲೆಯಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಅಂಗಡಿ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಎಂಬ ಬೋರ್ಡ್ ತೂಗಿತ್ತು. ಪಕ್ಕದ ಮನೆಯವರಿಗೆ ನೆನಪಿರುವುದು ಅದೇ ಇರಬೇಕು. ಕರ್ನಾಟಕದೊಳಗೆ ಸರಕನ್ನಷ್ಟೇ ಮಾರುವವರಿಗೆ ವರ್ಷದ ವಹಿವಾಟು ₹40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೀವು ತಿಂಗಳಿಗೆ ನೂರು ಕೆ.ಜಿ. ಮಾರಿದರೂ ವರ್ಷಕ್ಕೆ ₹7.2 ಲಕ್ಷ. ಆದರೆ ಹೊಸೂರಿಗೋ ಹೈದರಾಬಾದಿಗೋ ಪಾರ್ಸೆಲ್ ಮಾರಾಟ ಶುರು ಮಾಡಿದರೆ ಈ ಮಿತಿ ಅನ್ವಯಿಸುವುದಿಲ್ಲ. ರಾಜ್ಯದಾಚೆ ತೆರಿಗೆಯುಳ್ಳ ಸರಕು ಮಾರಲು ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಬೇಕು. ಮೊದಲ ವರ್ಷ ರಾಜ್ಯದೊಳಗೇ ಇರಿ. ವ್ಯಾಪಾರದ ಹಣಕ್ಕೆ ಬೇರೆ ಉಳಿತಾಯ ಖಾತೆ, ಬೇರೆ ಯುಪಿಐ ಇಟ್ಟುಕೊಳ್ಳಿ. ಚೀಟಿ ದುಡ್ಡು, ತಮ್ಮ ಹಿಂದಿರುಗಿಸಿದ ಸಾಲ, ಸೀಮಂತಕ್ಕೆ ಬಂದ ಮುಯ್ಯಿ ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಮುಂದೊಂದು ದಿನ ಯಾವುದು ಚಟ್ನಿಪುಡಿಯದು ಎಂದು ಬಿಡಿಸಿ ತೋರಿಸಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಜಿಎಸ್‌ಟಿಗಿಂತ ಮೊದಲು ಬೇಕಾದದ್ದು ಆಹಾರ ಸುರಕ್ಷತೆಯ ನೋಂದಣಿ, ಇದನ್ನು ಕೇಳುವವರೇ ಕಡಿಮೆ. ಮನೆಯಲ್ಲಿ ಮಾಡಿ ಮಾರಿದರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಅನ್ವಯಿಸುತ್ತದೆ. ನಿಮ್ಮಂಥ ಸಣ್ಣ ವಹಿವಾಟಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಬೇಸಿಕ್ ನೋಂದಣಿ ಸಾಕು. ಅದರ ಫಾಸ್‌ಕಾಸ್ ಜಾಲತಾಣದಲ್ಲಿ ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ ಹಾಕಿ ನೀವೇ ಮಾಡಿಕೊಳ್ಳಬಹುದು. ಸಣ್ಣ ಉದ್ದಿಮೆಗಳನ್ನು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಸಾವಿರಾರು ರೂಪಾಯಿ ಕೇಳುವ, ಸರ್ಕಾರದ್ದರಂತೆಯೇ ಕಾಣುವ ಖಾಸಗಿ ಜಾಲತಾಣಗಳಿವೆ, ಎಚ್ಚರ. ಎಫ್‌ಎಸ್‌ಎಸ್‌ಎಐ ನೋಂದಣಿ ವ್ಯಕ್ತಿಗಷ್ಟೇ ಅಲ್ಲ, ಸ್ಥಳಕ್ಕೂ ಸೇರಿದ್ದು. ಹಾಗಾಗಿ ತಿಪಟೂರಿನ ಮನೆಯಲ್ಲಿ ಮಾಡಿದ ಪುಡಿಗೆ ವಿಜಯನಗರದ ಸಂಖ್ಯೆ ಹಾಕಿ ಮಾರುವಂತಿಲ್ಲ. ಬಾಡಿಗೆ ಕರಾರಿನಲ್ಲಿ ವಾಸಕ್ಕೆ ಮಾತ್ರ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ; ಮನೆ ಮಾಲೀಕರಿಗೆ ಮೊದಲೇ ಹೇಳಿ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಹನ್ನೊಂದು ತಿಂಗಳ ಕರಾರು ಮುಗಿಯುವ ಹೊತ್ತಿಗೆ ಮಗು ಕೈಯಲ್ಲಿರುವಾಗ ಮನೆ ಹುಡುಕುವಂತಾಗಬಾರದು. ಮನೆಯ 14.2 ಕೆ.ಜಿ. ಸಿಲಿಂಡರ್ ಮನೆ ಬಳಕೆಗೆ ಮಾತ್ರ. ನಿಯಮಿತವಾಗಿ ಮಾರಲು ಹುರಿಯುವುದಾದರೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್‌ನ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ನಾನು ಮೇಲೆ ಹಿಡಿದ ₹150 ಆಗ ಏರುತ್ತದೆ.

ಪೊಟ್ಟಣದ ಮೇಲೆ ಹೆಸರು, ಒಳಗಿನ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ, ವಿಳಾಸ, ದೂರಿಗೆ ಫೋನ್ ಸಂಖ್ಯೆ, ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಅಗ್ಗವೆಂದು ಒಂದೇ ಸಲಕ್ಕೆ ಐದು ಸಾವಿರ ಪೌಚ್ ಮುದ್ರಿಸಬೇಡಿ. ನನ್ನ ಗಿರಾಕಿಯೊಬ್ಬರು ಹಾಗೆ ಮಾಡಿಸಿದ ಎರಡು ತಿಂಗಳಿಗೆ ಮನೆ ಬದಲಾಯಿಸಿದರು. ಹಳೆ ವಿಳಾಸದ ಆ ಪೌಚ್‌ಗಳಲ್ಲಿ ಇವತ್ತಿಗೂ ಅವರ ಮಗನ ಪೆನ್ಸಿಲ್, ರಬ್ಬರ್ ಶಾಲೆಗೆ ಹೋಗುತ್ತವೆ.

ಅಂಟಿನುಂಡೆ ತಿನಿಸು, ಮಾಡಿ ಮಾರಿ. ಬಾಣಂತಿ ಲೇಹ್ಯವನ್ನು ಮಾತ್ರ ಪಟ್ಟಿಯಿಂದ ತೆಗೆದುಹಾಕಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಮನೆಯ ಬಾಣಂತಿಗೆ ಅಜ್ಜಿ ಮಾಡಿಕೊಡುವುದು ಬೇರೆ, ಗುರುತಿಲ್ಲದವರಿಗೆ ಮಾರುವುದು ಬೇರೆ. ಗಿಡಮೂಲಿಕೆ ಹಾಕಿ, ಎದೆಹಾಲು ಹೆಚ್ಚುತ್ತದೆ, ಸೊಂಟನೋವು ಹೋಗುತ್ತದೆ ಎಂದು ಮಾರಿದರೆ ಅದು ಆಯುರ್ವೇದ ಔಷಧದ ಸಾಲಿಗೆ ಸೇರುತ್ತದೆ. ಅದನ್ನು ತಯಾರಿಸಲು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯಡಿ ಬೇರೆಯೇ ಪರವಾನಗಿ ಬೇಕು, ಅದು ಮನೆಯ ಅಡುಗೆಕೋಣೆಗೆ ಸಿಗುವಂಥದ್ದಲ್ಲ. ತಿನಿಸು ಎಂದು ಕರೆದು ರೋಗ ವಾಸಿಯ ಮಾತು ಬರೆಯುವುದನ್ನು ಆಹಾರ ಕಾಯ್ದೆಯೂ ಒಪ್ಪುವುದಿಲ್ಲ. ತಿಂದವಳು ಹಸಿ ಬಾಣಂತಿ, ಹಾಲು ಕುಡಿಯುವುದು ಎಳೆ ಮಗು. ಒಬ್ಬರಿಗೆ ಹೊಟ್ಟೆ ಕೆಟ್ಟರೂ ಚಟ್ನಿಪುಡಿಯ ಹೆಸರೂ ಜೊತೆಗೆ ಕೆಡುತ್ತದೆ.

ಕಂಪನಿಯ ಕಡೆಯಿಂದ ಒಂದು ಅಪಾಯವಿದೆ. ನೇಮಕಾತಿ ಪತ್ರದಲ್ಲಿ ಬೇರೆ ಉದ್ಯೋಗ, ವ್ಯಾಪಾರ ಮಾಡಕೂಡದು ಎಂಬ ಷರತ್ತು ಇದೆಯೇ ನೋಡಿ. ಜೊತೆಗೆ, ಹೆರಿಗೆ ರಜೆಯಲ್ಲಿ ಬೇರೆ ಸಂಸ್ಥೆಯಲ್ಲಿ ದುಡಿದರೆ ಆ ಅವಧಿಯ ಸೌಲಭ್ಯ ಕೈತಪ್ಪುತ್ತದೆ ಎಂದು ಕಾಯ್ದೆಯೇ ಹೇಳುತ್ತದೆ. ಷರತ್ತು ಇದ್ದರೆ ಲಿಖಿತ ಅನುಮತಿ ಕೇಳುವುದು ನೇರ ದಾರಿ. ಇನ್ನೊಂದು ದಾರಿ ಉದ್ದಿಮೆಯನ್ನು ಅತ್ತೆಯವರ ಹೆಸರಿನಲ್ಲಿ ಮಾಡುವುದು. ಕೈರುಚಿ ಅವರದು, ಹುರಿಯುವವರು ಅವರು, ನೀವು ತಿಪಟೂರಿಗೆ ಹೋದಾಗಲೂ ಇಲ್ಲಿರುವವರು ಅವರು. ನಿಮ್ಮ ಪರಿಸ್ಥಿತಿಯಲ್ಲಿ ಇದು ನನಗೆ ಹೆಚ್ಚು ಸರಿಯೆನಿಸುತ್ತದೆ, ಆದರೆ ಹೆಸರಿಗೆ ಮಾತ್ರ ಅಲ್ಲ. ಖಾತೆ ಅವರದಾದರೆ ಹಣವೂ ಅವರದೇ. ಮುಂದೆ ಬೆಳೆದು ನಿಮ್ಮ ಹೆಸರಿಗೆ ಮಾಡಿಕೊಳ್ಳುವಾಗ ಹೊಸ ನೋಂದಣಿ ಬೇಕಾದೀತು, ಮನಸ್ತಾಪವೂ ಬಂದೀತು. ಗಂಟೆಗೆ ಇಷ್ಟು ಎಂದು ಅವರ ದುಡಿಮೆಗೆ ಮೊದಲೇ ಬೆಲೆ ಕಟ್ಟಿ ಕೊಟ್ಟುಬಿಡಿ. ಅವರು ಗೃಹಲಕ್ಷ್ಮಿಯ ₹2,000 ಪಡೆಯುತ್ತಿದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿಯಿಂದ ಅದಕ್ಕೆ ತೊಂದರೆಯಿಲ್ಲ, ಆದರೆ ಅವರ ಹೆಸರಿನಲ್ಲಿ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಶುರು ಮಾಡಿದರೆ ಅರ್ಹತೆ ಹೋಗುತ್ತದೆ. ರಾಜ್ಯದಾಚೆ ಮಾರಬೇಡಿ ಎಂದದ್ದಕ್ಕೆ ಇದು ಎರಡನೆಯ ಕಾರಣ.

ಇಷ್ಟೆಲ್ಲ ನೋಡಿಯೂ ಈಗಲೇ ಕೆಲಸ ಬಿಡುವುದು ಅನಿವಾರ್ಯವಾದರೆ, ಉದಾಹರಣೆಗೆ ಅಷ್ಟು ದೂರದ ಪ್ರಯಾಣ ಬೇಡವೆಂದು ವೈದ್ಯರೇ ಹೇಳಿದರೆ, ರಾಜೀನಾಮೆಗೆ ಮೊದಲು ಮನೆಯಿಂದ ಕೆಲಸ, ವೈದ್ಯಕೀಯ ರಜೆ, ಎಂಟು ವಾರ ಮೊದಲೇ ಆರಂಭವಾಗುವ ಹೆರಿಗೆ ರಜೆ ಇವುಗಳನ್ನು ಬರಹದಲ್ಲಿ ಕೇಳಿ. ನಿಮಗೆ ಈಗ 22 ವಾರ ಎಂದಿಟ್ಟುಕೊಂಡರೆ 32ನೆಯ ವಾರಕ್ಕೆ ರಜೆ ಹಿಡಿಯಬಹುದು. ಉಳಿದದ್ದು ಹತ್ತು ವಾರ. ಮೊದಲ ಭಾಗವನ್ನು ಹೆಚ್ಚು ತೆಗೆದುಕೊಂಡಷ್ಟೂ ಮಗು ಹುಟ್ಟಿದ ಮೇಲಿನ ವಾರಗಳು ಕಡಿಮೆಯಾಗುತ್ತವೆ ಎಂಬುದನ್ನು ಮರೆಯಬೇಡಿ.

ಈ ಹತ್ತು ವಾರಗಳಲ್ಲಿ ನಾನು ನಿಮ್ಮ ಜಾಗದಲ್ಲಿದ್ದರೆ ತಿಂಗಳಿಗೆ ಒಂದೇ ಸಲ, ಹತ್ತೇ ಕೆ.ಜಿ., ಚಟ್ನಿಪುಡಿ ಮಾತ್ರ ಮಾಡಿಸುತ್ತೇನೆ. ಆರ್ಡರ್ ಬಂದ ಮೇಲೆ ಸಾಮಾನು ತರುವುದು, ಮುಂಗಡ ಪಡೆಯದಿರುವುದು, ಒಬ್ಬರಿಗೆ ಎರಡು ಪೊಟ್ಟಣಕ್ಕಿಂತ ಹೆಚ್ಚು ಒಪ್ಪದಿರುವುದು. ಪ್ರತಿ ಬ್ಯಾಚಿನಿಂದ ಒಂದು ಪೊಟ್ಟಣವನ್ನು ಅಟ್ಟದ ಮೇಲೆ ತೆಗೆದಿಟ್ಟು ತಿಂಗಳಿಗೊಮ್ಮೆ ಬಿಚ್ಚಿ ಮೂಸಿ ನೋಡಿ, ಕೊಬ್ಬರಿ ಎಷ್ಟನೆಯ ವಾರಕ್ಕೆ ಕಮಟುತ್ತದೆ ಎಂದು ಬರೆದಿಡಿ. ಬಳಸುವ ಅವಧಿಯನ್ನು ಅದಕ್ಕಿಂತ ಸಾಕಷ್ಟು ಮೊದಲಿಗೆ ನಿಲ್ಲಿಸಿ. ಮುಂದೆ ಪ್ರಮಾಣ ಹೆಚ್ಚಾದಾಗ ಮೈಸೂರಿನ ಸಿಎಫ್‌ಟಿಆರ್‌ಐಯಂಥ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬಹುದು. ಉದ್ಯಮಶೀಲತೆಯ ತರಬೇತಿ ಬೇಕೆನಿಸಿದರೆ 1983ರಿಂದ ಮಹಿಳಾ ಉದ್ಯಮಿಗಳೊಡನೆ ಕೆಲಸ ಮಾಡುತ್ತಿರುವ ಅವೇಕ್ ರಾಜಾಜಿನಗರದಲ್ಲಿದೆ, ನಿಮಗೆ ಹತ್ತಿರವೇ. ಅದೆಲ್ಲ ಮಗುವಿಗೆ ಆರು ತಿಂಗಳು ತುಂಬಿದ ಮೇಲೆ.

32ನೆಯ ವಾರಕ್ಕೆ ಎರಡು ವಾರ ಮೊದಲು ಕೊಂಡವರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಹಾಕಿ: ಬಾಣಂತನಕ್ಕೆ ಹೋಗುತ್ತಿದ್ದೇನೆ, ಮುಂದಿನ ಪುಡಿ ಬಂದ ಮೇಲೆ. ನೀವು ತಿಪಟೂರಿನಲ್ಲಿರುವಾಗ ಎಷ್ಟು ಜನ ಯಾವಾಗ ಬರುತ್ತೀರಿ ಎಂದು ಕೇಳುತ್ತಾರೆ ಎಂಬುದನ್ನು ಎಣಿಸಿಟ್ಟುಕೊಳ್ಳಿ. ಹಿಂದಿರುಗುವಾಗ ಅಲ್ಲಿನ ಮಂಡಿಯಲ್ಲಿ ಹತ್ತು ಕೆ.ಜಿ. ಒಣಕೊಬ್ಬರಿಯನ್ನು ನೀವೇ ಆರಿಸಿ ತನ್ನಿ, ಬೆಂಗಳೂರಿನ ದರದೊಂದಿಗೆ ಹೋಲಿಸಿ ನೋಡಿ. ಆ ಎರಡು ಅಂಕಿ ಮತ್ತು ಮೂರು ಬ್ಯಾಚುಗಳ ಲೆಕ್ಕದ ಪುಸ್ತಕ ಹಿಡಿದು ಬಂದರೆ, ಕೆಲಸ ಬಿಡಬೇಕೇ ಎಂಬ ಪ್ರಶ್ನೆಗೆ ಆಗ ಕೂತು ಲೆಕ್ಕ ಹಾಕಬಹುದು.